ವೆಬ್‌ಸೈಟ್ ಹೆಸರು ಸಿಗುತ್ತಿಲ್ಲವೇ? ಎಲ್ಲಿ ಕೊಂಡಿ ಕಳಚಿದೆ ಅಂತ ಮೊದಲು ನೋಡಿ

ಹೋದ ಮಳೆಗಾಲದ ಒಂದು ಶನಿವಾರ ಬೆಳಿಗ್ಗೆ, ಸಕಲೇಶಪುರದ ಹತ್ತಿರ ಹೋಮ್‌ಸ್ಟೇ ನಡೆಸುವ ಗೆಳತಿ ಫೋನ್ ಮಾಡಿದಳು. "ಸೈಟೇ ಹೋಗಿಬಿಟ್ಟಿದೆ ಕಣೋ, ಬುಕಿಂಗ್‌ಗೆ ಬಂದವರಿಗೆಲ್ಲ ಏನೋ ಎರರ್ ಬರ್ತಿದೆಯಂತೆ." ಅಷ್ಟೊತ್ತಿಗಾಗಲೇ ಅವಳು ಹೋಸ್ಟಿಂಗ್ ಕಂಪನಿಗೆ ಎರಡು ಟಿಕೆಟ್ (ದೂರು) ಹಾಕಿದ್ದಳು. ಯಾರೋ ಹೇಳಿದರು ಅಂತ ಡಿಎನ್‌ಎಸ್ (ಸೈಟಿನ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಪ್ಯಾನೆಲ್ ಒಳಗೆ ಹೋಗಿ ಒಂದು ರೆಕಾರ್ಡ್ ಅಳಿಸಿ ಮತ್ತೆ ಹಾಕಿದ್ದಳು. ಸರ್ವರ್‌ಗೆ ಏನೂ ಆಗಿರಲಿಲ್ಲ. ರೆಕಾರ್ಡುಗಳೂ ಅವಳು ಕೈ ಹಾಕುವ ತನಕ ಸರಿಯಾಗೇ ಇದ್ದವು. ತೊಂದರೆ ಬೇರೆ ಕಡೆ ಇತ್ತು. ಅದನ್ನು ಹುಡುಕಲು ಐದು ನಿಮಿಷ ಸಾಕಾಗಿತ್ತು, ಆದರೆ ಅವಳದು ಒಂದೂವರೆ ದಿನ ಹೋಗಿತ್ತು.

ಆ ಐದು ನಿಮಿಷದಲ್ಲಿ ಏನೇನು ನೋಡಬೇಕು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮುಖ್ಯ ಮಾತು ಒಂದೇ: ತಪ್ಪು ಎಲ್ಲಿದೆ ಅಂತ ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮೊದಲು ಬರೀ ಕೇಳುತ್ತಾ ಹೋಗಿ. ಕಮಾಂಡುಗಳನ್ನು ನಾನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಎಲ್ಲ ಉದಾಹರಣೆಗೂ ನಿಮ್ಮಸೈಟ್.ಕಾಮ್ ಅಂತ ಇಟ್ಟುಕೊಳ್ಳೋಣ.

ಹೆಸರು ವಿಳಾಸವಾಗುವ ದಾರಿ

ಗೊತ್ತಿಲ್ಲದ ಊರಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಬ್ಬರ ಮನೆ ಎಲ್ಲಿ ಅಂತ ಕೇಳುತ್ತೀರಿ. ಅಲ್ಲಿರುವವರಿಗೆ ಮನೆ ಗೊತ್ತಿರಲ್ಲ, "ಆ ಕೇರಿಗೆ ಹೋಗಿ ಕೇಳಿ" ಅನ್ನುತ್ತಾರೆ. ಕೇರಿಯಲ್ಲಿ ಕೇಳಿದರೆ "ಆ ಅಂಗಡಿಯವರಿಗೆ ಗೊತ್ತು" ಅನ್ನುತ್ತಾರೆ. ಅಂಗಡಿಯವರು ಮನೆ ತೋರಿಸುತ್ತಾರೆ. ಡಿಎನ್‌ಎಸ್ ಕೆಲಸ ಮಾಡುವುದೂ ಹೀಗೇ. ನಿಮ್ಮ ಪರವಾಗಿ ಕೇಳಿಕೊಂಡು ಬರುವುದು ರಿಸಾಲ್ವರ್. ಅದು ಮೊದಲು ರೂಟ್ ಸರ್ವರನ್ನು ಕೇಳುತ್ತದೆ (ಇವಕ್ಕೆ ಎ ಇಂದ ಎಂ ತನಕ 13 ಹೆಸರುಗಳಿವೆ). ರೂಟ್ "ಕಾಮ್ ವಿಷಯ ಅವರಿಗೆ ಗೊತ್ತು" ಎಂದು ಕಳಿಸುತ್ತದೆ. ಕಾಮ್‌ನ ರಿಜಿಸ್ಟ್ರಿ (ಕಾಮ್ ಹೆಸರುಗಳ ಪಟ್ಟಿ ಇಟ್ಟುಕೊಂಡವರು) "ಈ ಡೊಮೇನ್‌ನ ನೇಮ್‌ಸರ್ವರ್‌ಗಳು ಇವು" ಅನ್ನುತ್ತದೆ. ಕೊನೆಗೆ ಆ ನೇಮ್‌ಸರ್ವರ್ ಐಪಿ ವಿಳಾಸ (ಸರ್ವರ್‌ನ ಅಂಕಿ ರೂಪದ ವಿಳಾಸ) ಕೊಡುತ್ತದೆ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಇದನ್ನು ರೂಪಿಸಿದಾಗಿಂದ ಈ ದಾರಿ ಬದಲಾಗಿಲ್ಲ.

ಈ ದಾರಿಯಲ್ಲಿ ನಿಮ್ಮ ಕಡೆಯವರು ಮೂರು ಜನ ಇರುತ್ತಾರೆ. ಹೆಸರು ಮಾರಿದವರು, ಅಂದರೆ ರಿಜಿಸ್ಟ್ರಾರ್. ರೆಕಾರ್ಡ್ ಇಟ್ಟುಕೊಂಡವರು, ಅಂದರೆ ಡಿಎನ್‌ಎಸ್ ಹೋಸ್ಟ್. ಸೈಟ್ ಫೈಲುಗಳನ್ನು ಇಟ್ಟುಕೊಂಡ ವೆಬ್ ಹೋಸ್ಟ್. ಮೂರೂ ಒಂದೇ ಕಂಪನಿ ಆಗಿರಬಹುದು, ಮೂರು ಬೇರೆ ಬೇರೆ ಕಂಪನಿಯೂ ಆಗಿರಬಹುದು. ನಿಮ್ಮ ಡೊಮೇನ್‌ಗೆ ಈ ಮೂವರು ಯಾರು ಅಂತ ಈಗಲೇ ಒಂದು ಚೀಟಿಯಲ್ಲಿ ಬರೆಯಿರಿ. ಬರೆಯಲು ಆಗಲಿಲ್ಲ ಅಂದರೆ, ನನ್ನ ಅನುಭವದಲ್ಲಿ ಜಾಸ್ತಿ ಸಲ ತೊಂದರೆ ಶುರುವಾಗುವುದೇ ಅಲ್ಲಿಂದ.

1. ಇದು ನಿಜವಾಗಿ ಹೆಸರಿನ ತೊಂದರೆಯೇನಾ?

ಎರರ್ ಪೂರ್ತಿ ಓದಿ. ಕ್ರೋಮ್‌ನಲ್ಲಿ "ಡಿಎನ್‌ಎಸ್ ಪ್ರೋಬ್ ಫಿನಿಶ್ಡ್ ಎನ್‌ಎಕ್ಸ್‌ಡೊಮೇನ್" ಅಂತ ಬಂದರೆ ಹೌದು, ಹೆಸರೇ ಸಿಗುತ್ತಿಲ್ಲ. 404, 500, 502, ಸರ್ಟಿಫಿಕೇಟ್ ಎಚ್ಚರಿಕೆ, "ಕನೆಕ್ಷನ್ ರಿಫ್ಯೂಸ್ಡ್" ಇವುಗಳಲ್ಲಿ ಯಾವುದಾದರೂ ಬಂದರೆ ಹೆಸರು ಸಿಕ್ಕಿದೆ, ಬ್ರೌಸರ್ ಯಾವುದೋ ಒಂದು ಸರ್ವರ್ ತನಕ ಹೋಗಿದೆ. ಆ ಸರ್ವರ್ ನಿಮ್ಮದೇ ಹೌದಾ ಅಂತ ಐಪಿ ನೋಡಿ ಖಚಿತ ಮಾಡಿಕೊಳ್ಳಿ. ನಿಮ್ಮದೇ ಆಗಿದ್ದರೆ ಡಿಎನ್‌ಎಸ್ ಬಿಟ್ಟುಬಿಡಿ, ವೆಬ್ ಹೋಸ್ಟ್ ಹತ್ತಿರ ಹೋಗಿ.

2. ನಿಮಗೊಬ್ಬರಿಗೇನಾ, ಎಲ್ಲರಿಗೂನಾ?

ಫೋನಿನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಬೇರೆ ಊರಿನ ಒಬ್ಬರಿಗೆ ಹೇಳಿ ತೆರೆಸಿ. ಅಲ್ಲೆಲ್ಲ ಬರುತ್ತಿದ್ದರೆ ತೊಂದರೆ ನಿಮ್ಮ ಮನೆಯೊಳಗಿದೆ. ಆಗ ಈ ನಾಲ್ಕು ಜಾಗ ನೋಡಿದರೆ ಸಾಕು. ವಿಪಿಎನ್ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ "ಪ್ರೈವೇಟ್ ಡಿಎನ್‌ಎಸ್" ಅಂತಿದೆ, ಅದರಲ್ಲಿ ಹಿಂದೆ ಯಾವಾಗಲೋ ಹಾಕಿದ ಹೆಸರು ಉಳಿದಿದೆಯಾ ನೋಡಿ. ಕಂಪ್ಯೂಟರ್ ನೆನಪಿಟ್ಟುಕೊಂಡ ಹಳೇ ಡಿಎನ್‌ಎಸ್ ಉತ್ತರಗಳನ್ನು (ಕ್ಯಾಶ್) ಅಳಿಸಿ: ವಿಂಡೋಸ್‌ನಲ್ಲಿ "ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್", ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ "ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್". ರೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಿ.

ಐದನೆಯದು ಸೈಟ್ ಕಟ್ಟಿದವರಿಗೆ ಮಾತ್ರ. ಹೊಸ ಸರ್ವರ್‌ಗೆ ಹೋಗುವ ಮೊದಲು ಪರೀಕ್ಷೆ ಮಾಡಲು ಹೋಸ್ಟ್ಸ್ ಫೈಲಿನಲ್ಲಿ (ಡಿಎನ್‌ಎಸ್ ಕೇಳುವ ಮೊದಲು ಕಂಪ್ಯೂಟರ್ ನೋಡುವ ತನ್ನದೇ ಪಟ್ಟಿ) ಒಂದು ಸಾಲು ಹಾಕಿ ಮರೆತುಬಿಡುವುದು ತುಂಬಾ ಸಾಮಾನ್ಯ. ಆಮೇಲೆ ಜಗತ್ತಿಗೆಲ್ಲ ಸೈಟ್ ಬಿದ್ದಿದ್ದರೂ ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಚೆನ್ನಾಗಿ ತೆರೆಯುತ್ತಿರುತ್ತದೆ. "ನನ್ನ ಹತ್ರ ಬರ್ತಿದೆಯಲ್ಲ" ಅಂತ ಡೆವಲಪರ್ ಹೇಳಿದರೆ ಮೊದಲು ಆ ಫೈಲ್ ತೆರೆಸಿ.

3. ನೇರವಾಗಿ ಕೇಳಿ, ಉತ್ತರದ ಜಾತಿ ನೋಡಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಹಾಕಿ:

ಎನ್‌ಎಸ್‌ಲುಕಪ್ ನಿಮ್ಮಸೈಟ್.ಕಾಮ್ 8.8.8.8

ಕೊನೆಯ ಅಂಕಿ ಗೂಗಲ್‌ನ ರಿಸಾಲ್ವರ್. ಅದೇ ಜಾಗದಲ್ಲಿ 1.1.1.1 ಹಾಕಿ ಕ್ಲೌಡ್‌ಫ್ಲೇರ್ ಕೇಳಿ, 9.9.9.9 ಹಾಕಿ ಕ್ವಾಡ್‌9 ಕೇಳಿ. ಕೊನೆಗೆ ಅಂಕಿಯೇ ಇಲ್ಲದೆ ಕೇಳಿದರೆ ನಿಮ್ಮ ಇಂಟರ್‌ನೆಟ್ ಕಂಪನಿಯ ರಿಸಾಲ್ವರ್ ಏನು ಹೇಳುತ್ತದೆ ಅನ್ನುವುದು ಗೊತ್ತಾಗುತ್ತದೆ. ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಇವುಗಳಲ್ಲಿ ಒಂದು ಬರುತ್ತದೆ.

"ಎನ್‌ಎಕ್ಸ್‌ಡೊಮೇನ್" ಅಥವಾ "ನಾನ್-ಎಕ್ಸಿಸ್ಟೆಂಟ್ ಡೊಮೇನ್". ಅಂಥ ಹೆಸರೇ ಇಲ್ಲ ಅಂತ ಯಾರೋ ಖಚಿತವಾಗಿ ಹೇಳಿದ್ದಾರೆ. ಡೊಮೇನ್ ಅವಧಿ ಮುಗಿದಿದೆ, ತಡೆಹಿಡಿದಿದ್ದಾರೆ, ಅಥವಾ ಆ ಉಪಹೆಸರನ್ನು ಯಾರೂ ಸೇರಿಸಿಲ್ಲ. ನಾಲ್ಕನೇ ಹೆಜ್ಜೆಗೆ ಹೋಗಿ.

"ಸರ್ವ್‌ಫೇಲ್" ಅಥವಾ "ಸರ್ವರ್ ಫೇಲ್ಡ್". ಕೇಳಿಕೊಂಡು ಹೋದೆ, ನಂಬುವಂಥ ಉತ್ತರ ಸಿಗಲಿಲ್ಲ ಅಂತ ಅರ್ಥ. ಹೆಸರು ಇದೆ, ಆದರೆ ನೇಮ್‌ಸರ್ವರ್ ಮಾತಾಡುತ್ತಿಲ್ಲ, ಇಲ್ಲವೇ ಡಿಎನ್‌ಎಸ್‌ಸೆಕ್ (ಉತ್ತರ ಅಸಲಿಯೇ ಅಂತ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ) ಸಹಿ ಹೊಂದುತ್ತಿಲ್ಲ. ಐದು ಮತ್ತು ಏಳನೇ ಹೆಜ್ಜೆ ನೋಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತುಹೋದಾಗ ರಿಸಾಲ್ವರ್‌ಗಳು ಕೊಟ್ಟದ್ದು ಇದೇ ಉತ್ತರ. ಅವರ ನೇಮ್‌ಸರ್ವರ್‌ಗಳಿಗೆ ಹೋಗುವ ದಾರಿಯೇ ಇಂಟರ್‌ನೆಟ್‌ನಿಂದ ಮಾಯವಾಗಿತ್ತು.

ಎರರ್ ಇಲ್ಲ, ವಿಳಾಸವೂ ಇಲ್ಲ. ಹೆಸರು ಇದೆ, ಅದರ ಮುಂದೆ ಏನೂ ಬರೆದಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಸೇವೆ ಬಿದ್ದು ಎಷ್ಟೋ ಆ್ಯಪ್‌ಗಳು ನಿಂತದ್ದು ಇಂಥ ಒಂದು ಖಾಲಿ ರೆಕಾರ್ಡಿನಿಂದಲೇ. ಅವರದೇ ಆಟೊಮೇಶನ್ ಒಂದು ಮುಖ್ಯ ಹೆಸರಿನ ವಿಳಾಸಗಳನ್ನೆಲ್ಲ ಅಳಿಸಿಬಿಟ್ಟಿತ್ತು. ನಿಮ್ಮದು ಹೀಗಿದ್ದರೆ ಆರನೇ ಹೆಜ್ಜೆ.

"ಟೈಮ್ಡ್ ಔಟ್". ಮೂರೂ ಕಡೆ ಹೀಗೇ ಬಂದರೆ ನಿಮ್ಮ ನೆಟ್‌ವರ್ಕ್ ಪೋರ್ಟ್ 53 (ಡಿಎನ್‌ಎಸ್ ಪ್ರಶ್ನೆ ಹೋಗುವ ಬಾಗಿಲು) ಮುಚ್ಚಿರಬಹುದು. ಆಫೀಸು, ಕಾಲೇಜಿನ ವೈಫೈಗಳಲ್ಲಿ ಇದು ಮಾಮೂಲಿ. ಮೊಬೈಲ್ ಡೇಟಾದಲ್ಲಿ ಮತ್ತೆ ಕೇಳಿ.

ಮೂರು ಪಬ್ಲಿಕ್ ರಿಸಾಲ್ವರ್‌ಗಳೂ ಸರಿಯಾದ ಐಪಿ ಕೊಟ್ಟು ನಿಮ್ಮ ಇಂಟರ್‌ನೆಟ್ ಕಂಪನಿಯದು ಮಾತ್ರ ಕೊಡದಿದ್ದರೆ, ಅದರ ಬಳಿ ಹಳೆಯ ನೆನಪು ಉಳಿದಿದೆ ಅಥವಾ ಆ ಹೆಸರನ್ನು ಅಲ್ಲಿ ತಡೆದಿದ್ದಾರೆ. ನಿಮ್ಮ ರೆಕಾರ್ಡಿನಲ್ಲಿ ತಪ್ಪಿಲ್ಲ, ಅದನ್ನು ತಿದ್ದಲು ಹೋಗಬೇಡಿ.

4. ಡೊಮೇನ್ ಬದುಕಿದೆಯಾ?

ಗೆಳತಿಯ ಸೈಟ್ ಎಲ್ಲಾ ಕಡೆಯೂ ಎನ್‌ಎಕ್ಸ್‌ಡೊಮೇನ್ ಕೊಟ್ಟಿತು. ಹಾಗಾಗಿ ನಾವು ಸೀದಾ ಇಲ್ಲಿಗೆ ಬಂದೆವು. ಕಾಮ್, ನೆಟ್, ಆರ್ಗ್ ಥರದ ಹೆಸರಾದರೆ, ಡೊಮೇನ್ ಹೆಸರುಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಲುಕಪ್ ಪುಟದಲ್ಲಿ, .ಇನ್ ಹೆಸರಾದರೆ .ಇನ್ ರಿಜಿಸ್ಟ್ರಿಯ ಹೂ-ಈಸ್ ಪುಟದಲ್ಲಿ ನಿಮ್ಮ ಡೊಮೇನ್ ಹಾಕಿ. ಅಲ್ಲಿ "ಸ್ಟೇಟಸ್" ಅನ್ನುವ ಸಾಲನ್ನು ಒಂದೊಂದೇ ಪದವಾಗಿ ಓದಿ.

"ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್" ನೋಡಿ ಹೆದರಬೇಡಿ. ನಿಮ್ಮ ಹೆಸರನ್ನು ಬೇರೆಯವರು ಎತ್ತಿಕೊಂಡು ಹೋಗದ ಹಾಗೆ ಹಾಕಿದ ಬೀಗ ಅದು, ಇರಬೇಕು. "ಕ್ಲೈಂಟ್ ಹೋಲ್ಡ್" ಅಂತಿದ್ದರೆ ರಿಜಿಸ್ಟ್ರಾರ್ ತಡೆಹಿಡಿದಿದ್ದಾರೆ. "ಸರ್ವರ್ ಹೋಲ್ಡ್" ಅಂದರೆ ರಿಜಿಸ್ಟ್ರಿಯೇ ತಡೆಹಿಡಿದಿದೆ. ಈ ಎರಡರಲ್ಲಿ ಒಂದು ಇದ್ದರೂ ನಿಮ್ಮ ಹೆಸರು ಕಾಮ್‌ನ ಪಟ್ಟಿಯಿಂದ ಹೊರಗಿರುತ್ತದೆ. ನೀವು ಪ್ಯಾನೆಲ್‌ನಲ್ಲಿ ಏನೇ ತಿದ್ದಿದರೂ ಅದನ್ನು ಕೇಳಲು ಯಾರೂ ಅಲ್ಲಿಗೆ ಬರುವುದಿಲ್ಲ.

ನಮ್ಮ ಶನಿವಾರ ಕಂಡದ್ದು ಕ್ಲೈಂಟ್ ಹೋಲ್ಡ್. ಆದದ್ದಿಷ್ಟು. ಸೈಟ್ ಕಟ್ಟಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಡೊಮೇನ್ ಇತ್ತು. ತಿಂಗಳ ಹಿಂದೆ ಅವಳು ಅದನ್ನು ತೆಗೆದು ತನ್ನ ಇಮೇಲ್ ಹಾಕಿದಳು, ಅದು ಒಳ್ಳೆಯ ಕೆಲಸವೇ. ಹಾಗೆ ಬದಲಿಸಿದಾಗ ಹೊಸ ವಿಳಾಸ ನಿಮ್ಮದೇ ಅಂತ 15 ದಿನದೊಳಗೆ ಖಚಿತಪಡಿಸಬೇಕು. ಐಕಾನ್ ನಿಯಮ ಅದು, ಮಾಡದಿದ್ದರೆ ರಿಜಿಸ್ಟ್ರಾರ್ ಹೆಸರನ್ನು ನಿಲ್ಲಿಸಬಹುದು. ಮೇಲ್ ಬಂದಿತ್ತು. "ಲಿಂಕ್ ಒತ್ತಿ, ಇಲ್ಲದಿದ್ದರೆ ನಿಮ್ಮ ಡೊಮೇನ್ ನಿಲ್ಲುತ್ತದೆ" ಅಂತಿದ್ದದ್ದು ನೋಡಿ ಯಾರೋ ಮೋಸಗಾರರು ಅಂದುಕೊಂಡು ಬಿಟ್ಟಿದ್ದಳು. ಅವಳು ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ, ಮೋಸದ ಮೇಲ್‌ಗಳೂ ಹಾಗೇ ಇರುತ್ತವೆ ಅಲ್ವಾ. ಇಂಥ ಮೇಲ್ ಬಂದರೆ ಅದರೊಳಗಿನ ಲಿಂಕ್ ಒತ್ತಬೇಡಿ. ರಿಜಿಸ್ಟ್ರಾರ್ ಸೈಟಿಗೆ ನೀವೇ ಹೋಗಿ ಲಾಗಿನ್ ಆಗಿ. ನಿಜವಾದದ್ದಾದರೆ ಅಲ್ಲೂ ಸೂಚನೆ ಇರುತ್ತದೆ, ಅಲ್ಲಿಂದಲೇ ಹೊಸ ಮೇಲ್ ಕಳಿಸಿಕೊಳ್ಳಬಹುದು. ನಾವು ಹಾಗೇ ಮಾಡಿದೆವು.

ಅವಧಿ ಮುಗಿದ ಡೊಮೇನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಇಲ್ಲಿ ದಿನಾಂಕವೇ ದಾರಿ ತಪ್ಪಿಸುತ್ತದೆ. ಕಾಮ್ ಹೆಸರಿನ ಅವಧಿ ಮುಗಿದ ದಿನ ರಿಜಿಸ್ಟ್ರಿ ತಾನಾಗೇ ಒಂದು ವರ್ಷ ಮುಂದೆ ಹಾಕಿಬಿಡುತ್ತದೆ. ನೀವು ದುಡ್ಡು ಕಟ್ಟದಿದ್ದರೆ 45 ದಿನದೊಳಗೆ ರಿಜಿಸ್ಟ್ರಾರ್ ಅದನ್ನು ವಾಪಸ್ ಮಾಡಬಹುದು. ಹಾಗಾಗಿ ಲುಕಪ್‌ನಲ್ಲಿ ಮುಂದಿನ ವರ್ಷದ ದಿನಾಂಕ ಕಂಡರೂ ನಿಮ್ಮ ಹಣ ಸಂದಿಲ್ಲದೇ ಇರಬಹುದು. ರಿಜಿಸ್ಟ್ರಾರ್ ಖಾತೆಯೊಳಗೆ ಕಾಣುವ ದಿನಾಂಕವನ್ನೇ ನಂಬಿ. ಈ ಅವಧಿಯಲ್ಲಿ ಎಷ್ಟೋ ರಿಜಿಸ್ಟ್ರಾರ್‌ಗಳು ನೇಮ್‌ಸರ್ವರ್ ಬದಲಿಸಿ ತಮ್ಮ ಜಾಹೀರಾತು ಪುಟ ತೋರಿಸುತ್ತಾರೆ. ಇದೂ ದಾಟಿದರೆ "ರಿಡೆಂಪ್ಶನ್ ಪೀರಿಯಡ್", 30 ದಿನ. ಆಗಲೂ ಬಿಡಿಸಿಕೊಳ್ಳಬಹುದು, ಆದರೆ ಮಾಮೂಲಿ ನವೀಕರಣಕ್ಕಿಂತ ತುಂಬಾ ಜಾಸ್ತಿ ಕೇಳುತ್ತಾರೆ. ಆಮೇಲೆ "ಪೆಂಡಿಂಗ್ ಡಿಲೀಟ್", 5 ದಿನ. ಅಲ್ಲಿ ಏನೂ ಮಾಡಲಾಗದು, ಹೆಸರು ಬಿಡುಗಡೆಯಾಗುವುದನ್ನು ಕಾಯಬೇಕು, ಅಷ್ಟೇ.

ದೊಡ್ಡವರಿಗೂ ಇದು ಆಗಿದೆ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಡಾಟ್ ಕಾಮ್ ನವೀಕರಿಸುವುದನ್ನು ಮರೆತು, ಅದನ್ನು ನಂಬಿದ್ದ ಹಾಟ್‌ಮೇಲ್ ಲಾಗಿನ್ ಕೆಟ್ಟಿತು. ಅಮೆರಿಕದ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದ ಮೇಲೆ ಸರಿಯಾಯಿತು. ನಿಮ್ಮ ಖಾತೆಯಲ್ಲಿ ಆಟೊ ರಿನ್ಯೂ ಆನ್ ಇದೆಯಾ, ಅದರಲ್ಲಿರುವ ಕಾರ್ಡ್ ಇನ್ನೂ ನಡೆಯುತ್ತಿದೆಯಾ, ಎರಡನ್ನೂ ನೋಡಿ.

5. ನೇಮ್‌ಸರ್ವರ್ ಯಾರದು?

ಡೊಮೇನ್ ಸರಿ ಇದ್ದರೆ ಈ ಕಮಾಂಡ್:

ಎನ್‌ಎಸ್‌ಲುಕಪ್ -ಟೈಪ್=ಎನ್‌ಎಸ್ ನಿಮ್ಮಸೈಟ್.ಕಾಮ್ 8.8.8.8

ಇಲ್ಲಿ ಬರುವ ಹೆಸರುಗಳನ್ನೂ ಲುಕಪ್ ಪುಟದಲ್ಲಿ ಕಂಡ ನೇಮ್‌ಸರ್ವರ್‌ಗಳನ್ನೂ ಪಕ್ಕಪಕ್ಕ ಇಡಿ. ಆಮೇಲೆ ನೀವು ರೆಕಾರ್ಡ್ ತಿದ್ದುವ ಪ್ಯಾನೆಲ್ ಯಾರದು ನೋಡಿ. ಮೂರೂ ಒಂದೇ ಕಡೆ ಬೆರಳು ತೋರಿಸಬೇಕು. ಅವಧಿ ಮುಗಿದದ್ದನ್ನು ಬಿಟ್ಟರೆ ನಾನು ಅತಿ ಹೆಚ್ಚು ಸಲ ಕಂಡ ತಪ್ಪು ಇದು: ನೇಮ್‌ಸರ್ವರ್ ಕ್ಲೌಡ್‌ಫ್ಲೇರ್‌ಗೆ ಬದಲಾಗಿ ವರ್ಷವಾಗಿರುತ್ತದೆ, ಜನ ಇನ್ನೂ ಹಳೇ ಹೋಸ್ಟಿಂಗ್ ಪ್ಯಾನೆಲ್‌ನಲ್ಲೇ ರೆಕಾರ್ಡ್ ತಿದ್ದುತ್ತಿರುತ್ತಾರೆ. ಉಳಿಸು ಒತ್ತಿದರೆ ಹಸಿರು ಟಿಕ್ ಬರುತ್ತದೆ, ಆದರೆ ಆ ಪ್ಯಾನೆಲ್ ಅನ್ನು ಜಗತ್ತಿನಲ್ಲಿ ಯಾರೂ ಕೇಳುತ್ತಿರುವುದಿಲ್ಲ.

ಈಗ ಆ ನೇಮ್‌ಸರ್ವರ್ ಹೆಸರನ್ನೇ 8.8.8.8 ಇದ್ದ ಜಾಗದಲ್ಲಿ ಹಾಕಿ ನೇರ ಕೇಳಿ. "ರಿಫ್ಯೂಸ್ಡ್" ಅಂತ ಬಂದರೆ ಆ ಸರ್ವರ್ "ಈ ಡೊಮೇನ್ ನನ್ನದಲ್ಲ" ಅನ್ನುತ್ತಿದೆ. ಹೋಸ್ಟಿಂಗ್ ಪ್ಲಾನ್ ಮುಗಿದು ಖಾತೆ ಅಳಿಸಿದಾಗ, ಅದರ ಜೊತೆ ಡಿಎನ್‌ಎಸ್ ಕೂಡ ಹೋದಾಗ ಹೀಗಾಗುತ್ತದೆ. ಡೊಮೇನ್ ಸೇರಿಸಿಯೇ ಇಲ್ಲದ ಕಡೆಗೆ ನೇಮ್‌ಸರ್ವರ್ ತಿರುಗಿಸಿದರೂ ಇದೇ. ಇರುವ ನಾಲ್ಕು ನೇಮ್‌ಸರ್ವರ್‌ಗಳಲ್ಲಿ ಎರಡು ಹೀಗಿದ್ದರೆ ಸೈಟ್ ಒಮ್ಮೆ ಬರುತ್ತದೆ, ಒಮ್ಮೆ ಬರಲ್ಲ. ಆದ್ದರಿಂದ ಒಂದನ್ನು ಕೇಳಿ ನಿಲ್ಲಿಸದೆ ಪ್ರತಿಯೊಂದನ್ನೂ ಕೇಳಿ.

ಮ್ಯಾಕ್ ಅಥವಾ ಲಿನಕ್ಸ್ ಇದ್ದವರಿಗೆ "ಡಿಗ್ +ಟ್ರೇಸ್ ನಿಮ್ಮಸೈಟ್.ಕಾಮ್" ಇನ್ನೂ ಒಳ್ಳೆಯದು. ರೂಟ್‌ನಿಂದ ಶುರುಮಾಡಿ ಯಾರು ಯಾರ ಕಡೆ ಕಳಿಸಿದರು ಅಂತ ಸಾಲು ಸಾಲಾಗಿ ತೋರಿಸುತ್ತದೆ. ಎಲ್ಲಿ ನಿಲ್ಲುತ್ತದೋ ಅಲ್ಲೇ ತೊಂದರೆ.

6. ರೆಕಾರ್ಡ್

ಶನಿವಾರ ಹೋಲ್ಡ್ ತೆಗೆದ ಮೇಲೆ ಅರ್ಧ ಗಂಟೆಯಲ್ಲಿ ಬರಿಯ ಹೆಸರು ತೆರೆಯಿತು, ಆದರೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು ತೆರೆಯಲಿಲ್ಲ. ಅವಳು ಗಾಬರಿಯಲ್ಲಿ ಅಳಿಸಿ ಮತ್ತೆ ಹಾಕಿದ್ದಳಲ್ಲ, ಆ ರೆಕಾರ್ಡ್ ಅದು. ಹೆಸರಿನ ಜಾಗದಲ್ಲಿ ಪೂರ್ತಿ ಡೊಮೇನ್ ಟೈಪ್ ಮಾಡಿದ್ದಳು, ಆ ಪ್ಯಾನೆಲ್ ಹಿಂದೆ ಇನ್ನೊಂದು ಸಲ ಡೊಮೇನ್ ಅಂಟಿಸಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ.ನಿಮ್ಮಸೈಟ್.ಕಾಮ್.ನಿಮ್ಮಸೈಟ್.ಕಾಮ್ ಮಾಡಿಟ್ಟಿತ್ತು. ಹೆಸರಿನ ಜಾಗದಲ್ಲಿ ಡಬ್ಲ್ಯೂ ಅಕ್ಷರ ಮೂರು ಸಲ ಹಾಕಿದರೆ ಸಾಕು. ಬರಿಯ ಡೊಮೇನ್‌ಗೆ ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಅಟ್ ಚಿಹ್ನೆ.

ಬರಿಯ ಡೊಮೇನ್‌ಗೆ ಎ ರೆಕಾರ್ಡ್ (ಹೆಸರಿಗೆ ಐಪಿ ವಿಳಾಸ ಕೊಡುವುದು) ಇರಬೇಕು. ಅಲ್ಲಿ ಸಿನೇಮ್ (ಇನ್ನೊಂದು ಹೆಸರಿನ ಕಡೆ ಕಳಿಸುವ ರೆಕಾರ್ಡ್) ಹಾಕುವಂತಿಲ್ಲ, ಮೇಲ್ ಮುಂತಾದ ಬೇರೆ ರೆಕಾರ್ಡುಗಳು ಅದರ ಜೊತೆ ನಿಲ್ಲುವುದಿಲ್ಲ. ಇನ್ನೊಂದು ಕಳ್ಳ ಜಾಗ ಎಎಎಎ ರೆಕಾರ್ಡ್, ಅಂದರೆ ಐಪಿವಿ6 ಎಂಬ ಹೊಸ ಥರದ ವಿಳಾಸ ಕೊಡುವುದು. ಸರ್ವರ್ ಬದಲಿಸಿದಾಗ ಎ ತಿದ್ದಿ ಇದನ್ನು ಮರೆಯುತ್ತಾರೆ. ಆಗ ಐಪಿವಿ6 ಜಾಸ್ತಿ ಬಳಸುವ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಸೈಟ್ ಹಳೇ ವಿಳಾಸಕ್ಕೆ ಹೋಗಿ ತಡವರಿಸುತ್ತದೆ, ಆಫೀಸಿನ ಲೈನಿನಲ್ಲಿ ಸರಿಯಾಗಿ ಬರುತ್ತದೆ.

ನಿಮ್ಮದು .ಭಾರತ ಥರದ ಕನ್ನಡ ಹೆಸರಾದರೆ ಒಂದು ವಿಷಯ ಗಮನಿಸಿ. ಡಿಎನ್‌ಎಸ್ ಒಳಗೆ ಅದು ಎಕ್ಸ್‌ಎನ್ ಅಂತ ಶುರುವಾಗಿ ಎರಡು ಅಡ್ಡಗೆರೆ ಇರುವ ಪ್ಯೂನಿಕೋಡ್ ರೂಪದಲ್ಲಿರುತ್ತದೆ. ಮೇಲಿನ ಕಮಾಂಡುಗಳಿಗೆ ಆ ರೂಪವನ್ನೇ ಕೊಡಿ. ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಬಿಡಿಸಲು ಹಾಕುವ, ಕಣ್ಣಿಗೆ ಕಾಣದ ಚಿಹ್ನೆ ನಡುವೆ ನುಸುಳಿದರೆ ನೀವು ಕೇಳುತ್ತಿರುವುದು ಬೇರೆಯೇ ಹೆಸರಾಗಿಬಿಡಬಹುದು.

7. ಡಿಎನ್‌ಎಸ್‌ಸೆಕ್: ಹಳೇ ಬೀಗ, ಹೊಸ ಬಾಗಿಲು

8.8.8.8, 1.1.1.1, 9.9.9.9 ಮೂರೂ ಸರ್ವ್‌ಫೇಲ್ ಕೊಡುತ್ತವೆ, ನೇಮ್‌ಸರ್ವರ್ ನೇರ ಕೇಳಿದರೆ ಚೆನ್ನಾಗಿ ಉತ್ತರ ಕೊಡುತ್ತದೆ. ಇಂಥ ಹೊತ್ತಲ್ಲಿ ಮೊದಲ ಅನುಮಾನ ಇದರ ಮೇಲೆ. "ಡಿಗ್ +ಸಿಡಿ" ಅಂತ ಹಾಕಿ ಕೇಳಿದರೆ ರಿಸಾಲ್ವರ್ ಸಹಿ ನೋಡದೆ ಉತ್ತರ ಕೊಡುತ್ತದೆ. ಆಗ ಬಂತು ಅಂದರೆ ಅನುಮಾನ ಖಚಿತ.

ನೇಮ್‌ಸರ್ವರ್ ಬದಲಿಸುವಾಗ ರಿಜಿಸ್ಟ್ರಾರ್ ಬಳಿ ಹಳೆಯ ಡಿಎಸ್ ರೆಕಾರ್ಡ್ ಉಳಿದುಹೋಗಿರುತ್ತದೆ. ಅದು ಹಳೇ ಕೀಲಿಯ ಗುರುತು, ಹೊಸ ಕಡೆ ಆ ಕೀಲಿ ಇಲ್ಲ. ರಿಜಿಸ್ಟ್ರಾರ್ ಖಾತೆಯಲ್ಲಿ ಅದನ್ನು ಅಳಿಸಿ. ಕಾಮ್‌ನಲ್ಲಿ ಡಿಎಸ್ ನೆನಪು ಒಂದು ದಿನ ಇರುವುದರಿಂದ ಕೆಲವರಿಗೆ ತಕ್ಷಣ ಸರಿಯಾಗಲ್ಲ. 2021ರ ಸೆಪ್ಟೆಂಬರ್ 30ರಂದು ಆಫೀಸು ಚಾಟ್ ಸೇವೆಯಾದ ಸ್ಲ್ಯಾಕ್ ಡಿಎನ್‌ಎಸ್‌ಸೆಕ್ ಹಾಕಲು ಹೋಗಿ, ತೊಂದರೆ ಕಂಡು ಗಡಿಬಿಡಿಯಲ್ಲಿ ವಾಪಸ್ ತೆಗೆದಾಗ ಎಷ್ಟೋ ಜನರಿಗೆ ಸೇವೆ ಹಲವು ಗಂಟೆ ಸಿಗದೇ ಹೋದದ್ದು ಈ ನೆನಪಿನಿಂದಲೇ. ಸರಿಯಾದ ಕ್ರಮ ಹೀಗೆ: ಮೊದಲು ಡಿಎಸ್ ತೆಗೆಯಿರಿ, ಎರಡು ದಿನ ಕಾಯಿರಿ, ಆಮೇಲೆ ನೇಮ್‌ಸರ್ವರ್ ಬದಲಿಸಿ, ಎಲ್ಲ ಸರಿಹೋದ ಮೇಲೆ ಹೊಸ ಕಡೆ ಡಿಎನ್‌ಎಸ್‌ಸೆಕ್ ಆನ್ ಮಾಡಿ.

8. ತಿದ್ದಿಯಾಯಿತು, ಈಗ ಎಷ್ಟು ಹೊತ್ತು?

"ಪ್ರೊಪಗೇಶನ್ ಆಗ್ತಿದೆ, 48 ಗಂಟೆ ಕಾಯಿರಿ" ಅಂತ ಎಲ್ಲರೂ ಹೇಳುತ್ತಾರೆ. ಏನೋ ಹರಡುತ್ತಿದೆ ಅನ್ನಿಸುತ್ತದೆ ಅಲ್ವಾ? ಏನೂ ಹರಡುವುದಿಲ್ಲ. ರಿಸಾಲ್ವರ್‌ಗಳ ಹಳೇ ನೆನಪು ಮುಗಿಯುತ್ತಿರುತ್ತದೆ, ಅಷ್ಟೇ. ಆ ನೆನಪಿನ ಅವಧಿ ಟಿಟಿಎಲ್, ಸೆಕೆಂಡ್ ಲೆಕ್ಕದಲ್ಲಿ. ಎ ರೆಕಾರ್ಡಿನ ಟಿಟಿಎಲ್ 3600 ಇದ್ದರೆ ಹೆಚ್ಚುಕಮ್ಮಿ ಒಂದು ಗಂಟೆ. ಕಾಮ್‌ನ ನೇಮ್‌ಸರ್ವರ್ ಮಾಹಿತಿಗೆ 1,72,800 ಸೆಕೆಂಡ್, ಅಂದರೆ ಎರಡು ದಿನ. 48 ಗಂಟೆಯ ಮಾತು ಅಲ್ಲಿಂದ ಬಂದದ್ದು.

"ಇಲ್ಲ" ಅನ್ನುವ ಉತ್ತರವನ್ನೂ ರಿಸಾಲ್ವರ್ ನೆನಪಿಟ್ಟುಕೊಳ್ಳುತ್ತದೆ. ರೆಕಾರ್ಡ್ ಹಾಕುವ ಮೊದಲೇ ಹತ್ತು ಸಲ ತೆರೆದು ನೋಡಿದರೆ, ಹಾಕಿದ ಮೇಲೂ ಸ್ವಲ್ಪ ಹೊತ್ತು ಇಲ್ಲ ಅಂತಲೇ ಬರುತ್ತದೆ. ಆಗ ಮತ್ತೆ ಮತ್ತೆ ರೆಕಾರ್ಡ್ ಬದಲಿಸಬೇಡಿ. ನೇಮ್‌ಸರ್ವರ್‌ನ ನೇರ ಕೇಳಿ, ಅದು ಸರಿಯಾದ ಉತ್ತರ ಕೊಟ್ಟರೆ ನಿಮ್ಮ ಕೆಲಸ ಮುಗಿದಿದೆ. ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಎರಡೂ ತಮ್ಮ ರಿಸಾಲ್ವರ್‌ನ ನೆನಪು ಅಳಿಸುವ ಪುಟ ಇಟ್ಟಿವೆ, ಅಲ್ಲಿ ನಿಮ್ಮ ಹೆಸರು ಹಾಕಿದರೆ ಅಷ್ಟು ಜನರಿಗಾದರೂ ಬೇಗ ಸಿಗುತ್ತದೆ. ಮುಂದೆ ಸರ್ವರ್ ಬದಲಿಸುವ ಯೋಚನೆ ಇದ್ದರೆ ಒಂದು ದಿನ ಮೊದಲೇ ಟಿಟಿಎಲ್ 300ಕ್ಕೆ ಇಳಿಸಿ.

ಟಿಕೆಟ್ ಹಾಕಲೇಬೇಕಾದರೆ

ಸರ್ವರ್ ಹೋಲ್ಡ್, ರಿಫ್ಯೂಸ್ಡ್ ಥರದ್ದಕ್ಕೆ ಬೇರೆಯವರ ಸಹಾಯ ಬೇಕೇ ಬೇಕು. ಮೊದಲು ಸರಿಯಾದ ಬಾಗಿಲು ತಟ್ಟಿ: ಹೋಲ್ಡ್, ಅವಧಿ, ಡಿಎಸ್, ನೇಮ್‌ಸರ್ವರ್ ಬದಲಾವಣೆಗೆ ರಿಜಿಸ್ಟ್ರಾರ್, ರೆಕಾರ್ಡ್ ಮತ್ತು ರಿಫ್ಯೂಸ್ಡ್‌ಗೆ ಡಿಎನ್‌ಎಸ್ ಹೋಸ್ಟ್. "ಸೈಟ್ ಓಪನ್ ಆಗ್ತಿಲ್ಲ" ಅಂತ ಬರೆದರೆ ಕ್ಯಾಶ್ ಅಳಿಸಿ ನೋಡಿ ಅನ್ನುವ ಉತ್ತರ ಬರುತ್ತದೆ, ಒಂದು ದಿನ ಹೋಗುತ್ತದೆ. ಅದರ ಬದಲು ಹೀಗೆ ಬರೆಯಿರಿ: "ಶನಿವಾರ ಬೆಳಿಗ್ಗೆ 9:40ರಿಂದ 8.8.8.8 ಮತ್ತು 1.1.1.1 ಎರಡೂ ಎನ್‌ಎಕ್ಸ್‌ಡೊಮೇನ್ ಕೊಡುತ್ತಿವೆ. ಲುಕಪ್‌ನಲ್ಲಿ ಕ್ಲೈಂಟ್ ಹೋಲ್ಡ್ ಕಾಣುತ್ತಿದೆ. ಇಮೇಲ್ ಈಗ ಖಚಿತಪಡಿಸಿದ್ದೇನೆ, ಹೋಲ್ಡ್ ತೆಗೆಯಿರಿ." ಕಮಾಂಡಿನ ಉತ್ತರವನ್ನು ಚಿತ್ರವಾಗಿ ಹಾಕದೆ ಅಕ್ಷರವಾಗಿಯೇ ಕಾಪಿ ಮಾಡಿ ಅಂಟಿಸಿ.